ಮನೆಮದ್ದಿಗೂ ಇರಲಿ ಪರೀಕ್ಷೆ: ಕೈತೋಟದ ಕೀಟಗಳ ಮೇಲೆ ಪ್ರಯೋಗ ನಡೆಸುವ ಕ್ರಮ

ಕೈತೋಟ ಮತ್ತು ತಾರಸಿ ತೋಟಗಳಲ್ಲಿ ಕೀಟ ಹತೋಟಿಗೆಂದು ಬಳಕೆಯಲ್ಲಿರುವ ಮನೆಮದ್ದುಗಳ ಸಾಲು ಉದ್ದವಾದದ್ದು: ಒಲೆಯ ಬೂದಿ, ಹುಳಿ ಮಜ್ಜಿಗೆ, ಬೆಳ್ಳುಳ್ಳಿ ಮತ್ತು ಹಸಿಮೆಣಸಿನಕಾಯಿಯ ರಸ, ಸೋಪಿನ ನೀರು, ಗೋಮೂತ್ರ, ಬೇವಿನ ಬೀಜದ ಕಷಾಯ, ಮೊಟ್ಟೆಯ ಚಿಪ್ಪು, ಕಾಫಿ ಚರಟ, ತುಳಸಿ ಎಲೆಯ ಬಲೆ, ಹರಳೆಣ್ಣೆ ಸವರಿದ ಹಳದಿ ಹಾಳೆ. ಇವುಗಳಲ್ಲಿ ಕೆಲವು ನಿಜಕ್ಕೂ ಕೀಟವನ್ನು ಕೊಲ್ಲುತ್ತವೆ, ಕೆಲವು ಕೀಟವನ್ನು ಗಿಡದಿಂದ ದೂರವಿಡುತ್ತವೆ, ಮತ್ತೆ ಕೆಲವು ಏನನ್ನೂ ಮಾಡದೆಯೇ ಮಾಡಿದಂತೆ ತೋರುತ್ತವೆ. ಯಾವುದು ಯಾವ ಗುಂಪಿಗೆ ಸೇರಿದ್ದೆಂಬುದನ್ನು ಬಾಯಿಮಾತಿನಿಂದ ತಿಳಿಯಲಾಗದು. ಆದರೆ ಇಪ್ಪತ್ತು ಕುಂಡಗಳು, ಒಂದು ಭೂತಗನ್ನಡಿ, ಒಂದು ನೋಟ್‌ಬುಕ್ ಮತ್ತು ಕೆಲವು ವಾರಗಳ ತಾಳ್ಮೆ ಇದ್ದರೆ ಯಾವ ಮನೆಯಲ್ಲಾದರೂ ತಿಳಿಯಬಹುದು. ಅಂಥ ಪರೀಕ್ಷೆಯಲ್ಲಿ ಮದ್ದು ಸಿಂಪಡಿಸಿದ ಗಿಡಕ್ಕೆ ಇರುವಷ್ಟೇ ಮಹತ್ವ ಮದ್ದು ಸಿಂಪಡಿಸದೆ ಬಿಟ್ಟ ಗಿಡಕ್ಕೂ ಇರುತ್ತದೆ, ಮತ್ತು ಹವ್ಯಾಸಿ ತೋಟಗಾರರು ಸಾಮಾನ್ಯವಾಗಿ ಮರೆಯುವುದು ಈ ಎರಡನೆಯದನ್ನೇ.

ಈ ಮರೆವಿನಿಂದ ಆಗುವ ತಪ್ಪು ಚಿಕ್ಕದಲ್ಲ. ಗಿಡದ ತುದಿಯೆಲ್ಲ ಹೇನು ಮುತ್ತಿ, ಎಲೆ ಮುದುಡಿ, ಕಾಂಡ ಅಂಟಂಟಾದ ಮೇಲೆಯೇ ಹೆಚ್ಚಿನವರು ಮದ್ದಿಗೆ ಕೈಹಾಕುತ್ತಾರೆ, ಎಂದರೆ ಕೀಟದ ಸಂಖ್ಯೆ ಶಿಖರ ಮುಟ್ಟಿದ ಹೊತ್ತಿಗೆ. ಆದರೆ ಅದೇ ಹೊತ್ತಿಗೆ ಹೇನನ್ನು ತಿನ್ನುವ ಗುಲಗಂಜಿ ಹುಳುಗಳೂ ಹೇನಿನ ದೇಹದೊಳಗೆ ಮೊಟ್ಟೆಯಿಡುವ ಸಣ್ಣ ಕಣಜಗಳೂ ಆ ಗಿಡವನ್ನು ಹುಡುಕಿ ಬಂದಿರುತ್ತವೆ, ರಸ ಬತ್ತಿದ ತುದಿಯನ್ನು ಬಿಟ್ಟು ರೆಕ್ಕೆ ಬಂದ ಹೇನುಗಳು ಹಾರಿಹೋಗಲು ತೊಡಗಿರುತ್ತವೆ, ಒಂದು ಜೋರು ಮಳೆ ಬಿದ್ದರೆ ಉಳಿದವೂ ತೊಳೆದುಹೋಗುತ್ತವೆ. ಹೀಗೆ ತಾನಾಗಿಯೇ ಇಳಿಯಲಿದ್ದ ಸಂಖ್ಯೆ ಸಿಂಪಡಣೆಯ ಮರುದಿನದಿಂದ ಇಳಿದರೆ ಅದರ ಕೀರ್ತಿ ಮದ್ದಿಗೆ ಸಲ್ಲುತ್ತದೆ. ಮದ್ದು ಕಾಣದ ಗಿಡ ಪಕ್ಕದಲ್ಲಿದ್ದು, ಅದರಲ್ಲಿಯೂ ಸಂಖ್ಯೆ ಅಷ್ಟೇ ಇಳಿದದ್ದು ಕಂಡಾಗ ಮಾತ್ರ ಆ ಕೀರ್ತಿ ಯಾರದೆಂಬುದು ಸ್ಪಷ್ಟವಾಗುತ್ತದೆ.

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಲ್ಲಿ ಆರಂಭವಾದ ಬ್ರಾಡ್‌ಬಾಕ್ ಎಂಬ ಗೋಧಿ ಹೊಲದ ಪ್ರಯೋಗದಲ್ಲಿ ಒಂದು ಪಟ್ಟಿಗೆ ಅಂದಿನಿಂದ ಇಂದಿನವರೆಗೆ ಯಾವ ಗೊಬ್ಬರವನ್ನೂ ಹಾಕಿಲ್ಲ, ಏಕೆಂದರೆ ಉಳಿದ ಪಟ್ಟಿಗಳ ಇಳುವರಿಯನ್ನು ಅಳೆಯುವ ಅಳತೆಗೋಲು ಅದೇ. ಅದೇ ಕೇಂದ್ರದಲ್ಲಿ 1919ರಲ್ಲಿ ಸೇರಿದ ರೊನಾಲ್ಡ್ ಫಿಷರ್ ಎಂಬ ಸಂಖ್ಯಾಶಾಸ್ತ್ರಜ್ಞ, ಯಾವ ಪಟ್ಟಿಗೆ ಯಾವ ಉಪಚಾರ ಎಂಬುದನ್ನು ಪ್ರಯೋಗ ಮಾಡುವವರ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ಆಕಸ್ಮಿಕಕ್ಕೆ ಬಿಡಬೇಕೆಂಬ ನಿಯಮವನ್ನು ಶಾಸ್ತ್ರವಾಗಿ ರೂಪಿಸಿದ. ಕೈತೋಟದ ಪ್ರಯೋಗಕ್ಕೆ ಬೇಕಾದ ಶಾಸ್ತ್ರ ಬಹುಮಟ್ಟಿಗೆ ಇವೆರಡೇ: ಏನನ್ನೂ ಹಾಕದ ಗಿಡ, ಮತ್ತು ಚೀಟಿ.

ಮೊದಲು ಕೀಟದ ಗುರುತು

ಪರೀಕ್ಷೆಗೆ ಮುನ್ನ ಶತ್ರು ಯಾರೆಂಬುದು ತಿಳಿದಿರಬೇಕು. ಗಿಡದ ಕೀಟಗಳನ್ನು ಸ್ಥೂಲವಾಗಿ ರಸ ಹೀರುವವು ಮತ್ತು ಕಡಿದು ತಿನ್ನುವವು ಎಂದು ಎರಡಾಗಿ ವಿಂಗಡಿಸಬಹುದು. ಸಸ್ಯಹೇನು, ಬಿಳಿ ನೊಣ, ಜಿಗಿಹುಳು, ಥ್ರಿಪ್ಸ್ ನುಸಿ, ಹಿಟ್ಟು ತಿಗಣೆಗಳು ಮೊದಲ ಗುಂಪಿನವು. ಎಲೆ ತಿನ್ನುವ ಮರಿಹುಳುಗಳು, ಕಾಯಿ ಕೊರಕಗಳು, ಎಲೆಯೊಳಗೆ ಸುರಂಗ ತೋಡಿ ಬಿಳಿ ಗೆರೆ ಬಿಡಿಸುವ ರಂಗೋಲಿ ಹುಳು ಎರಡನೆಯ ಗುಂಪಿನವು. ಮೈಗೆ ತಾಗಿದಾಗ ಮಾತ್ರ ಕೊಲ್ಲುವ ಮದ್ದು ಕಾಯಿಯೊಳಗೆ ಅಡಗಿದ ಹುಳುವನ್ನು ತಲುಪದು, ಆದ್ದರಿಂದ ಅಂಥ ಹುಳುವಿನ ಮೇಲೆ ಸೋಪಿನ ನೀರನ್ನು ಪರೀಕ್ಷಿಸುವುದು ಶ್ರಮದ ನಷ್ಟ. ಮೆಣಸಿನ ಗಿಡದ ಮುಟುರು ಇದಕ್ಕೊಂದು ಒಳ್ಳೆಯ ಉದಾಹರಣೆ: ಎಲೆಯ ಅಂಚುಗಳು ಮೇಲ್ಮುಖವಾಗಿ ದೋಣಿಯ ಹಾಗೆ ಮುದುಡಿದ್ದರೆ ಸಾಮಾನ್ಯವಾಗಿ ಅದು ಥ್ರಿಪ್ಸ್‌ನ ಕೆಲಸ, ಕೆಳಮುಖವಾಗಿ ಮುದುಡಿದ್ದರೆ ಮೈಟ್ ನುಸಿಯದು. ಥ್ರಿಪ್ಸ್ ಆರು ಕಾಲಿನ ಕೀಟವಾದರೆ ಮೈಟ್ ಜೇಡನ ಬಳಗದ ಎಂಟು ಕಾಲಿನ ಜೀವಿಯಾದ್ದರಿಂದ ಒಂದಕ್ಕೆ ತಗಲುವ ಮದ್ದು ಇನ್ನೊಂದಕ್ಕೆ ತಗಲಲೇಬೇಕೆಂದಿಲ್ಲ. ಬಿಳಿ ಕಾಗದದ ಮೇಲೆ ತುದಿಯನ್ನು ಮೆಲ್ಲಗೆ ಬಡಿದು, ಉದುರಿದ್ದನ್ನು ಹತ್ತು ಪಟ್ಟು ಹಿಗ್ಗಿಸಿ ತೋರುವ ಭೂತಗನ್ನಡಿಯಲ್ಲಿ ನೋಡಿದರೆ ಹೆಚ್ಚಿನ ಸಂದೇಹಗಳು ಅಲ್ಲಿಯೇ ಬಗೆಹರಿಯುತ್ತವೆ. ಬಗೆಹರಿಯದಿದ್ದರೆ ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಾದರಿಯನ್ನು ಒಯ್ದು ತೋರಿಸಬಹುದು.

ಮಿತ್ರಕೀಟದ ಗುರುತು ಶತ್ರುಕೀಟದ ಗುರುತಿನಷ್ಟೇ ಅಗತ್ಯ. ದಾಸವಾಳದ ಹಿಟ್ಟು ತಿಗಣೆಗಳ ನಡುವೆ ಅವುಗಳಿಗಿಂತ ದೊಡ್ಡದಾದ, ಚುರುಕಾಗಿ ಓಡಾಡುವ, ಮೈಮೇಲೆ ಉದ್ದುದ್ದ ಬಿಳಿ ಮೇಣದ ಎಳೆಗಳಿರುವ ಹುಳು ಕಂಡರೆ ಅದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿಯಾಗಿರಬಹುದು. ಅದು ತಿಗಣೆಯ ವೇಷದಲ್ಲಿಯೇ ಇದ್ದು ತಿಗಣೆಯನ್ನೇ ತಿನ್ನುತ್ತದೆ, ಮತ್ತು ಗೊತ್ತಿಲ್ಲದವರ ಕೈಯಲ್ಲಿ ತಿಗಣೆಯ ಜೊತೆಗೇ ಸಾಯುತ್ತದೆ. ಆಸ್ಟ್ರೇಲಿಯಾ ಮೂಲದ ಈ ಹುಳುವನ್ನು ಭಾರತಕ್ಕೆ ತಂದದ್ದು 1898ರಲ್ಲಿ. ಹೇನುಗಳ ನಡುವೆ ಊದಿಕೊಂಡು, ಕಂದು ಬಣ್ಣಕ್ಕೆ ತಿರುಗಿ, ಚಲಿಸದೆ ಅಂಟಿಕೊಂಡಿರುವ ಗುಳ್ಳೆಯಂಥ ಕವಚಗಳಿದ್ದರೆ ಅವು ಕಣಜದ ಮರಿ ಒಳಗಿನಿಂದ ತಿಂದು ಮುಗಿಸಿದ ಹೇನುಗಳು. ಇಂಥವು ಹತ್ತರಲ್ಲಿ ಎರಡು ಮೂರು ಕಂಡರೂ ಯಾವ ಮದ್ದೂ ಇಲ್ಲದೆ ಒಂದು ವಾರ ಕಾಯುವುದು ವಿವೇಕ.

ಮಿತ್ರಕೀಟಗಳ ಶಕ್ತಿಯನ್ನು ಕಡಿಮೆ ಅಂದಾಜು ಮಾಡಬಾರದೆಂಬುದಕ್ಕೆ ಪಪ್ಪಾಯಿ ಹಿಟ್ಟು ತಿಗಣೆಯ ಪ್ರಸಂಗವೇ ಸಾಕ್ಷಿ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡ ಈ ವಿದೇಶಿ ತಿಗಣೆ ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸುಗಳನ್ನು ಹಾಳುಮಾಡುತ್ತ ಕರ್ನಾಟಕಕ್ಕೂ ಹಬ್ಬಿದಾಗ ಸಿಂಪಡಣೆಗಳಿಂದ ಅದನ್ನು ತಡೆಯಲಾಗಲಿಲ್ಲ. 2010ರಲ್ಲಿ ಪೋರ್ಟೊರಿಕೊದಿಂದ ತರಿಸಿದ ಮೂರು ಜಾತಿಯ ಸಣ್ಣ ಕಣಜಗಳನ್ನು ಬೆಂಗಳೂರಿನ ರಾಷ್ಟ್ರೀಯ ಸಂಸ್ಥೆಯೊಂದು ಬೆಳೆಸಿ ಹೊರಬಿಟ್ಟಿತು. ಇಂದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಎಂಬ ಹೆಸರಿನಲ್ಲಿರುವ ಸಂಸ್ಥೆ ಅದು. ಅವುಗಳಲ್ಲಿ ಅಸಿರೋಫೇಗಸ್ ಪಪಾಯೆ ಎಂಬ ಕಣಜ ಚೆನ್ನಾಗಿ ನೆಲೆಯೂರಿ ತಿಗಣೆಯನ್ನು ಹತೋಟಿಗೆ ತಂದಿತು. ಸಿಂಪಡಣೆಯ ಭರದಲ್ಲಿ ಇಂಥ ಕಣಜಗಳನ್ನು ಕೊಲ್ಲುವ ಮದ್ದು, ಅದು ಮನೆಯಲ್ಲಿಯೇ ತಯಾರಾದದ್ದಾದರೂ, ಕೊನೆಗೆ ಕೀಟದ ಪಕ್ಷಕ್ಕೇ ಸೇರುತ್ತದೆ.

ಅಲಸಂದೆಯ ಇಪ್ಪತ್ತು ಕುಂಡಗಳು

ಮೊದಲ ಪ್ರಯೋಗಕ್ಕೆ ಅಲಸಂದೆಗಿಂತ ಅನುಕೂಲವಾದ ಗಿಡವಿಲ್ಲ. ಬೀಜ ಅಗ್ಗ, ಮೊಳಕೆ ಬೇಗ, ಮತ್ತು ಅವರೆ, ಅಲಸಂದೆ, ನೆಲಗಡಲೆಗಳಿಗೆ ಬೀಳುವ ಹೊಳೆಯುವ ಕಪ್ಪು ಹೇನು ಕರೆಯದೆಯೇ ಬರುತ್ತದೆ. ಈ ಹೇನಿನ ಹೆಣ್ಣುಗಳು ಗಂಡಿನ ಸಂಪರ್ಕವಿಲ್ಲದೆ ನೇರವಾಗಿ ಮರಿಗಳನ್ನು ಹಾಕುತ್ತವೆ, ಮತ್ತು ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದು ವಾರದಲ್ಲಿ ಮರಿ ತಾಯಿಯಾಗುತ್ತದೆ. ಆದ್ದರಿಂದ ಮದ್ದು ಫಲಿಸಿತೋ ಇಲ್ಲವೋ ಎಂಬುದು ಬೇಗ ಕಾಣುತ್ತದೆ. ಇಪ್ಪತ್ತೈದು ಕುಂಡಗಳಲ್ಲಿ ಒಂದೇ ದಿನ, ಒಂದೇ ಮಣ್ಣಿನಲ್ಲಿ ಬೀಜ ಹಾಕಿ, ಹೇನು ನೆಲೆಯಾದ ಮೇಲೆ ಹೆಚ್ಚುಕಡಿಮೆ ಒಂದೇ ಎತ್ತರದ ಇಪ್ಪತ್ತನ್ನು ಆರಿಸಿಕೊಳ್ಳಬೇಕು. ಪ್ರತಿ ಗಿಡದ ತುದಿಯ ಹತ್ತು ಸೆಂಟಿಮೀಟರ್ ಉದ್ದಕ್ಕೆ ಬಣ್ಣದ ನೂಲು ಕಟ್ಟಿ, ಆ ಭಾಗದಲ್ಲಿರುವ ಹೇನುಗಳನ್ನು ಎಣಿಸಿ ಬರೆದುಕೊಳ್ಳಬೇಕು. ನೂರು ದಾಟಿದರೆ ಹತ್ತು ಹತ್ತಾಗಿ ಅಂದಾಜು ಮಾಡಿದರೂ ನಡೆಯುತ್ತದೆ, ಆದರೆ ಕೊನೆಯವರೆಗೂ ಒಬ್ಬರೇ ಎಣಿಸಬೇಕು.

ಅನಂತರ ಹೇನಿನ ಸಂಖ್ಯೆಯ ಏರಿಕೆಯ ಕ್ರಮದಲ್ಲಿ ಕುಂಡಗಳನ್ನು ಸಾಲಾಗಿಟ್ಟು, ನಾಲ್ಕು ನಾಲ್ಕರ ಐದು ತಂಡಗಳನ್ನು ಮಾಡಿದರೆ ಒಂದೊಂದು ತಂಡದೊಳಗೆ ಸುಮಾರು ಸಮಾನವಾಗಿ ಹೇನು ಬಿದ್ದ ಗಿಡಗಳು ಸೇರುತ್ತವೆ. ಪ್ರತಿ ತಂಡದಲ್ಲಿಯೂ ನಾಲ್ಕು ಚೀಟಿ ಎತ್ತಿ ನಾಲ್ಕು ಗಿಡಗಳಿಗೆ ನಾಲ್ಕು ಬೇರೆ ಬೇರೆ ಉಪಚಾರಗಳನ್ನು ಹಂಚಬೇಕು. ಮೊದಲನೆಯದಕ್ಕೆ ಏನೂ ಇಲ್ಲ. ಎರಡನೆಯದಕ್ಕೆ ಬರಿಯ ನೀರು. ಮೂರನೆಯದಕ್ಕೆ ಸೋಪಿನ ನೀರು. ನಾಲ್ಕನೆಯದಕ್ಕೆ ಅದೇ ಪ್ರಮಾಣದ ಸೋಪು ಬೆರೆತ ಬೆಳ್ಳುಳ್ಳಿ–ಮೆಣಸಿನಕಾಯಿ ರಸ.

ಈ ನಾಲ್ಕರ ಜೋಡಣೆಯಲ್ಲಿಯೇ ಪ್ರಯೋಗದ ಜೀವವಿದೆ. ಸಿಂಪಡಿಸುವ ನೀರಿನ ರಭಸಕ್ಕೇ ಅನೇಕ ಹೇನುಗಳು ಉದುರುತ್ತವೆ, ಮತ್ತು ನೆಲಕ್ಕೆ ಬಿದ್ದವುಗಳಲ್ಲಿ ಹಲವು ಮತ್ತೆ ಹತ್ತಿ ಬರಲಾರವು. ಆ ಲಾಭವನ್ನು ಬರಿಯ ನೀರಿನ ಗಿಡ ಬೇರ್ಪಡಿಸಿ ತೋರಿಸುತ್ತದೆ. ಮನೆಮದ್ದಿನ ಹೆಚ್ಚಿನ ಪಾಕಗಳಲ್ಲಿ ಮದ್ದು ಎಲೆಗೆ ಅಂಟಲೆಂದು ಸ್ವಲ್ಪ ಸೋಪು ಸೇರಿಸಲು ಹೇಳಿರುತ್ತದೆ, ಆದರೆ ಮೃದುಮೈಯ ಕೀಟಗಳಿಗೆ ಸೋಪೇ ಒಂದು ಮದ್ದು: ಅದರಲ್ಲಿರುವ ಕೊಬ್ಬಿನಾಮ್ಲದ ಲವಣಗಳು ಕೀಟದ ಮೈಮೇಲಿನ ಮೇಣವನ್ನು ಭೇದಿಸಿ ಜೀವಕೋಶಗಳ ಪೊರೆಯನ್ನು ಕೆಡಿಸುತ್ತವೆ. ಮೂರನೆಯ ಮತ್ತು ನಾಲ್ಕನೆಯ ಗಿಡಗಳ ಫಲಿತಾಂಶ ಒಂದೇ ಆಗಿದ್ದರೆ ಬೆಳ್ಳುಳ್ಳಿಯೂ ಮೆಣಸಿನಕಾಯಿಯೂ ಅಡುಗೆಗೆ ಒದಗುವುದೇ ಮೇಲು. ಇಡೀ ಮನೆಮದ್ದಿನ ಪರಂಪರೆಯಲ್ಲಿ ಕೇಳದೆ ಉಳಿದಿರುವ ಪ್ರಶ್ನೆ ಇದು, ಮತ್ತು ಇದನ್ನು ಕೇಳಲು ಖರ್ಚಾಗುವುದು ಐದು ಕುಂಡಗಳು ಮಾತ್ರ.

ತಯಾರಿ ಮತ್ತು ಸಿಂಪಡಣೆ

ಸೋಪಿನ ನೀರಿಗೆ ಒಂದು ಲೀಟರಿಗೆ ಐದು ಗ್ರಾಂ ಬಟ್ಟೆಸೋಪಿನ ತುರಿ ಆರಂಭಕ್ಕೆ ಸಾಕು. ಡಿಟರ್ಜೆಂಟ್ ಪುಡಿಯನ್ನು ಬಳಸಬಾರದು, ಏಕೆಂದರೆ ಅದರಲ್ಲಿರುವ ಇತರ ರಾಸಾಯನಿಕಗಳು ಎಲೆಯನ್ನು ಸುಡುವ ಸಂಭವ ಹೆಚ್ಚು. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಡನೆ ಸೇರಿ ಕರಗದ ಗಸಿಯಾಗುವುದರಿಂದ, ಬೋರ್‌ವೆಲ್ ನೀರಿನಲ್ಲಿ ನೊರೆ ಏಳದಿದ್ದರೆ ಮಳೆನೀರನ್ನು ಬಳಸಬೇಕು. ಒಂದೂರಿನಲ್ಲಿ ಗೆದ್ದ ಸೋಪಿನ ಮದ್ದು ಮತ್ತೊಂದೂರಿನಲ್ಲಿ ಸೋಲುವುದಕ್ಕೆ ಇದೂ ಒಂದು ಕಾರಣ. ನಾಲ್ಕನೆಯ ಉಪಚಾರಕ್ಕೆ ಇಪ್ಪತ್ತು ಗ್ರಾಂ ಬೆಳ್ಳುಳ್ಳಿ ಮತ್ತು ಇಪ್ಪತ್ತು ಗ್ರಾಂ ಹಸಿಮೆಣಸಿನಕಾಯಿಯನ್ನು ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಅದೇ ಸೋಪಿನ ನೀರಿನಲ್ಲಿ ಒಂದು ಲೀಟರಿಗೆ ತರಬೇಕು. ಕನ್ನಡಕ ಮತ್ತು ಕೈಗವಸು ಧರಿಸುವುದು ಕಡ್ಡಾಯ. ಮೆಣಸಿನ ಹನಿ ಗಾಳಿಯಲ್ಲಿ ತೇಲಿ ಕಣ್ಣಿಗೆ ಬಿದ್ದರೆ ಆಗುವ ಉರಿ ಸಾಮಾನ್ಯದ್ದಲ್ಲ.

ಯಾವ ದ್ರವವಾದರೂ ಮೊದಲು ಬಿಡಿ ಗಿಡದ ಎರಡು ಎಲೆಗಳಿಗೆ ಸವರಿ ಎರಡು ದಿನ ಕಾದು, ಅಂಚು ಸುಡುವುದಾಗಲಿ ಕಲೆ ಬೀಳುವುದಾಗಲಿ ಆಗದಿದ್ದರೆ ಮಾತ್ರ ಮುಂದುವರಿಯಬೇಕು. ಸಿಂಪಡಣೆಗೆ ಸಂಜೆ ತಕ್ಕ ಹೊತ್ತು. ಆಗ ಬಿಸಿಲಿನ ತಾಪದಿಂದ ಎಲೆ ಸುಡದು, ಜೇನ್ನೊಣಗಳು ಗೂಡಿಗೆ ಮರಳಿರುತ್ತವೆ, ಮತ್ತು ದ್ರವ ಬೇಗ ಒಣಗುವುದಿಲ್ಲ. ಸೋಪು ಒದ್ದೆಯಾಗಿರುವಷ್ಟು ಹೊತ್ತು ಮಾತ್ರ ಕೆಲಸ ಮಾಡುವುದರಿಂದ ಈ ಕೊನೆಯ ಕಾರಣ ಮುಖ್ಯ. ಹೇನುಗಳು ಎಲೆಯ ಅಡಿಯಲ್ಲಿ ಗುಂಪಾಗಿರುವುದರಿಂದ ಅಲ್ಲಿಗೆ ಹನಿ ತಲುಪಬೇಕು. ಒಂದು ಗಿಡದ ಹನಿ ಮತ್ತೊಂದಕ್ಕೆ ಹಾರದಂತೆ ರಟ್ಟನ್ನು ಅಡ್ಡ ಹಿಡಿದು, ಕುಂಡಗಳ ನಡುವೆ ಎರಡಡಿ ಅಂತರವಿಟ್ಟು, ಪ್ರತಿ ಗಿಡಕ್ಕೂ ಸ್ಪ್ರೇ ಬಾಟಲಿಯನ್ನು ಅಷ್ಟೇ ಸಲ ಒತ್ತಬೇಕು. ಇರುವೆಗಳ ಬಗ್ಗೆ ಎಚ್ಚರವಿರಬೇಕು: ಹೇನು ಸ್ರವಿಸುವ ಸಿಹಿ ಅಂಟಿಗಾಗಿ ಅವು ಹೇನನ್ನು ಕಾಯುತ್ತ ಗುಲಗಂಜಿ ಹುಳುಗಳನ್ನು ಓಡಿಸುತ್ತವೆ, ಆದ್ದರಿಂದ ಕೆಲವು ಕುಂಡಗಳಿಗೆ ಮಾತ್ರ ಇರುವೆ ಹತ್ತಿದರೆ ಹೋಲಿಕೆಯೇ ಕೆಡುತ್ತದೆ. ನೀರು ತುಂಬಿದ ತಟ್ಟೆಯಲ್ಲಿ ಇಟ್ಟಿಗೆಯಿಟ್ಟು ಅದರ ಮೇಲೆ ಕುಂಡವಿರಿಸಿದರೆ ಆ ತೊಂದರೆ ತಪ್ಪುತ್ತದೆ, ಆದರೆ ಸೊಳ್ಳೆ ಮೊಟ್ಟೆಯಿಡದಂತೆ ತಟ್ಟೆಯ ನೀರನ್ನು ಆಗಾಗ ಬದಲಿಸಬೇಕು.

ಎಣಿಕೆ, ಮತ್ತು ಎಣಿಕೆಯ ಅರ್ಥ

ಸಿಂಪಡಣೆಯ ಅನಂತರ ಒಂದನೆಯ, ಮೂರನೆಯ ಮತ್ತು ಏಳನೆಯ ದಿನ ಅದೇ ಹತ್ತು ಸೆಂಟಿಮೀಟರಿನಲ್ಲಿ ಬದುಕಿರುವ ಹೇನುಗಳನ್ನು ಎಣಿಸಬೇಕು. ಮೆತ್ತನೆಯ ಕುಂಚದಿಂದ ಮುಟ್ಟಿದಾಗ ಕಾಲಾಡಿಸಿದರೆ ಬದುಕಿದೆ, ಇಲ್ಲವಾದರೆ ಸತ್ತಿದೆ. ಯಾವ ಕುಂಡಕ್ಕೆ ಯಾವ ಉಪಚಾರವೆಂಬುದು ಎಣಿಸುವವರಿಗೆ ತಿಳಿಯದಿರುವುದು ಲೇಸು, ಏಕೆಂದರೆ ಮದ್ದು ಗೆಲ್ಲಲೆಂಬ ಆಸೆ ಅರೆಜೀವದ ಹೇನನ್ನು ಸತ್ತದ್ದರ ಲೆಕ್ಕಕ್ಕೆ ತಳ್ಳುತ್ತದೆ. ಮನೆಯಲ್ಲಿ ಒಬ್ಬರು ಸಿಂಪಡಿಸಿ ಇನ್ನೊಬ್ಬರು ಎಣಿಸಿದರೆ ಇದು ಸುಲಭವಾಗಿ ಸಾಧ್ಯ.

ಲೆಕ್ಕ ಹಾಕಲು ಹೆಂಡರ್ಸನ್ ಮತ್ತು ಟಿಲ್ಟನ್ 1955ರಲ್ಲಿ ಸೂಚಿಸಿದ ಸೂತ್ರವನ್ನು ಕೀಟಶಾಸ್ತ್ರಜ್ಞರು ಇಂದಿಗೂ ಬಳಸುತ್ತಾರೆ, ಮತ್ತು ಅದಕ್ಕೆ ಗುಣಾಕಾರ ಭಾಗಾಕಾರಗಳಿಗಿಂತ ಹೆಚ್ಚಿನದೇನೂ ಬೇಡ. ಉದಾಹರಣೆಗೆ, ಮದ್ದು ಹಾಕಿದ ಗಿಡಗಳಲ್ಲಿ ಮೊದಲು 100 ಹೇನುಗಳಿದ್ದು ಅನಂತರ 20 ಉಳಿದವೆಂದೂ, ಹೋಲಿಕೆಯ ಗಿಡಗಳಲ್ಲಿ 80 ಇದ್ದದ್ದು 40ಕ್ಕೆ ಇಳಿಯಿತೆಂದೂ ಭಾವಿಸೋಣ. ಹೋಲಿಕೆಯ ಗಿಡದ ಮೊದಲಿನ ಸಂಖ್ಯೆಯನ್ನು ಮದ್ದಿನ ಗಿಡದ ಅನಂತರದ ಸಂಖ್ಯೆಯಿಂದ ಗುಣಿಸಿದರೆ 80 × 20 = 1600; ಹೋಲಿಕೆಯ ಗಿಡದ ಅನಂತರದ ಸಂಖ್ಯೆಯನ್ನು ಮದ್ದಿನ ಗಿಡದ ಮೊದಲಿನ ಸಂಖ್ಯೆಯಿಂದ ಗುಣಿಸಿದರೆ 40 × 100 = 4000. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಬರುವ 0.4ನ್ನು 1ರಿಂದ ಕಳೆದರೆ 0.6, ಎಂದರೆ ಮದ್ದಿನ ನಿಜವಾದ ಸಾಮರ್ಥ್ಯ ಶೇ 60. ಹೋಲಿಕೆಯ ಗಿಡವೇ ಇಲ್ಲದಿದ್ದರೆ 100ರಿಂದ 20ಕ್ಕೆ ಇಳಿದದ್ದನ್ನು ನೋಡಿ ಶೇ 80 ಎಂದು ಹೇಳಿಬಿಡುತ್ತಿದ್ದರು.

ಐದು ತಂಡಗಳನ್ನು ಮಾಡಿದ್ದರ ಪ್ರಯೋಜನವೂ ಈಗ ಕಾಣುತ್ತದೆ. ಮದ್ದಿನಲ್ಲಿ ಯಾವ ಶಕ್ತಿಯೂ ಇಲ್ಲದಿದ್ದರೆ ಒಂದು ತಂಡದಲ್ಲಿ ಮದ್ದಿನ ಗಿಡ ಗೆಲ್ಲುವುದೂ ಹೋಲಿಕೆಯ ಗಿಡ ಗೆಲ್ಲುವುದೂ ನಾಣ್ಯ ಚಿಮ್ಮಿದಂತೆ ಸಮಸಾಧ್ಯ. ಹಾಗಾದಾಗ ಐದಕ್ಕೆ ಐದೂ ತಂಡಗಳಲ್ಲಿ ಮದ್ದಿನ ಗಿಡವೇ ಆಕಸ್ಮಿಕವಾಗಿ ಗೆಲ್ಲುವ ಸಾಧ್ಯತೆ 32ರಲ್ಲಿ 1 ಮಾತ್ರ. ಆದ್ದರಿಂದ ಐದೂ ತಂಡಗಳು ಒಂದೇ ಮಾತು ಹೇಳಿದರೆ ನಂಬಲು ಆಧಾರವಿದೆ. ಐದರಲ್ಲಿ ನಾಲ್ಕು ಅಥವಾ ಹೆಚ್ಚು ಗೆಲ್ಲುವುದು ಆಕಸ್ಮಿಕವಾಗಿಯೂ 32ರಲ್ಲಿ 6 ಸಲ ಆಗಬಹುದಾದ್ದರಿಂದ ಅಂಥ ಫಲಿತಾಂಶ ಬಂದರೆ ಪ್ರಯೋಗವನ್ನು ಮತ್ತೊಮ್ಮೆ ಮಾಡಬೇಕು.

ಬೇವಿನ ಗಡಿಯಾರವೇ ಬೇರೆ

ಇದೇ ಚೌಕಟ್ಟಿನಲ್ಲಿ ಬೇವನ್ನು ಪರೀಕ್ಷಿಸುವವರು ಒಂದನೆಯ ದಿನದ ಎಣಿಕೆ ನೋಡಿ ನಿರಾಶರಾಗುವುದುಂಟು. ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಂಬ ಕಹಿ ವಸ್ತು ಕೀಟವನ್ನು ಥಟ್ಟನೆ ಕೊಲ್ಲುವುದಿಲ್ಲ. ಅದು ಮೇವಿನ ಆಸೆಯನ್ನು ಕುಗ್ಗಿಸುತ್ತದೆ, ಮತ್ತು ಮರಿಹುಳು ಪೊರೆ ಕಳಚಿ ಮುಂದಿನ ಹಂತಕ್ಕೆ ಬೆಳೆಯಲು ಬೇಕಾದ ಹಾರ್ಮೋನಿನ ಕೆಲಸವನ್ನು ಅಡ್ಡಗಟ್ಟುತ್ತದೆ. 1962ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪ್ರಧಾನ್ ಮತ್ತು ಸಹೋದ್ಯೋಗಿಗಳು ಬೇವಿನ ಬೀಜದ ತಿರುಳಿನ ತೆಳು ದ್ರವವನ್ನು ಬೆಳೆಗೆ ಸಿಂಪಡಿಸಿದಾಗ ಮಿಡತೆಗಳು ಅದನ್ನು ಮೇಯಲು ಒಲ್ಲದೆ ಹೋದದ್ದು ಇದೇ ಕಾರಣಕ್ಕೆ. ಬೇವಿನ ಪ್ರಯೋಗದಲ್ಲಿ ಎಣಿಕೆಯನ್ನು ಎರಡು ವಾರಗಳವರೆಗೆ ಮುಂದುವರಿಸಬೇಕು, ಮತ್ತು ಎಲೆ ತಿನ್ನುವ ಹುಳುವಾದರೆ ಸತ್ತ ಹುಳುಗಳನ್ನು ಎಣಿಸುವ ಬದಲು ಪಾರದರ್ಶಕ ಚೌಕಳಿ ಹಾಳೆಯನ್ನು ಎಲೆಯ ಮೇಲಿಟ್ಟು ತೂತಾದ ಚೌಕಗಳನ್ನು ಎಣಿಸಬೇಕು. ತಯಾರಿಗೆ ನೆರಳಿನಲ್ಲಿ ಒಣಗಿಸಿದ, ಒಂದು ವರ್ಷದೊಳಗಿನ ಬೀಜದ ತಿರುಳು ಐವತ್ತು ಗ್ರಾಂ ತೆಗೆದುಕೊಂಡು, ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಹಿಂಡಿ, ಒಂದು ಲೀಟರಿಗೆ ತಂದು ಸೋಪು ಬೆರೆಸಬೇಕು. ಕೃಷಿ ಇಲಾಖೆಯವರು ಶೇ 5ರ ಬೇವಿನ ಬೀಜದ ಕಷಾಯ ಎನ್ನುವುದು ಇದನ್ನೇ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಅಜಾಡಿರಾಕ್ಟಿನ್ ಬೇಗ ಒಡೆಯುವುದರಿಂದ ಅಂದು ಮಾಡಿದ್ದನ್ನು ಅಂದಿನ ಸಂಜೆಯೇ ಸಿಂಪಡಿಸಬೇಕು.

ಬಲೆಗೆ ಬಿದ್ದದ್ದೆಲ್ಲ ಲಾಭವಲ್ಲ

ಹಳದಿ ಬಣ್ಣಕ್ಕೆ ಬಿಳಿ ನೊಣವೂ ರೆಕ್ಕೆ ಬಂದ ಹೇನೂ ಆಕರ್ಷಿತವಾಗುತ್ತವೆ, ನೀಲಿಗೆ ಥ್ರಿಪ್ಸ್. ಹಳೆಯ ಡಬ್ಬದ ಮುಚ್ಚಳಕ್ಕೆ ಹಳದಿ ಬಣ್ಣ ಬಳಿದು ಹರಳೆಣ್ಣೆ ಸವರಿ ತೂಗುಹಾಕಿದರೆ ಎರಡೇ ದಿನದಲ್ಲಿ ಅದು ಕೀಟಗಳಿಂದ ಕಪ್ಪಾಗುತ್ತದೆ, ಮತ್ತು ನೋಡಿದವರಿಗೆ ತೃಪ್ತಿಯಾಗುತ್ತದೆ. ಆದರೆ ಕೇಳಬೇಕಾದ ಪ್ರಶ್ನೆ ಬಲೆಯಲ್ಲಿ ಎಷ್ಟಿವೆ ಎಂಬುದಲ್ಲ, ಗಿಡದಲ್ಲಿ ಎಷ್ಟು ಉಳಿದಿವೆ ಎಂಬುದು. ಮೇಲಾಗಿ ಆ ಅಂಟಿನಲ್ಲಿ ಉಪಕಾರಿ ಕಣಜಗಳೂ ಸಿಕ್ಕಿರುತ್ತವೆ.

ತುಳಸಿಯ ಬಲೆಯ ವಿಷಯ ಇನ್ನೂ ಸ್ವಾರಸ್ಯದ್ದು. ಬಿಹಾರದ ಪೂಸಾದಲ್ಲಿದ್ದ ಕೀಟತಜ್ಞ ಹೌಲೆಟ್, ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣದ ಗಂಡುಗಳು ಮುತ್ತುವುದನ್ನು 1912ರಲ್ಲಿ ವರದಿ ಮಾಡಿ, 1915ರಲ್ಲಿ ಅದಕ್ಕೆ ಕಾರಣ ಮೀಥೈಲ್ ಯೂಜಿನಾಲ್ ಎಂಬ ವಸ್ತುವೆಂದು ತೋರಿಸಿದ. ತುಳಸಿಯಲ್ಲಿಯೂ ಆ ವಸ್ತು ಇರುವುದರಿಂದ, ತೆಂಗಿನ ಚಿಪ್ಪಿನಲ್ಲಿ ಜಜ್ಜಿದ ತುಳಸಿಯಿಟ್ಟರೆ ಮಾವು ಮತ್ತು ಸೀಬೆಯ ಹಣ್ಣುನೊಣಗಳು ಬರುತ್ತವೆ. ಇಲ್ಲಿ ಎರಡು ತೊಡಕುಗಳಿವೆ. ಬರುವವು ಗಂಡುಗಳು ಮಾತ್ರ, ಮತ್ತು ಕಾಯಿಗೆ ಚುಚ್ಚಿ ಮೊಟ್ಟೆಯಿಡುವುದು ಹೆಣ್ಣು. ಸುತ್ತಲಿನ ಗಂಡುಗಳಲ್ಲಿ ಹೆಚ್ಚಿನವು ಸಿಕ್ಕಿಬಿದ್ದರೆ ಮಾತ್ರ ಹೆಣ್ಣುಗಳು ಬಂಜೆಯಾಗಿ ಉಳಿಯುವುದರಿಂದ ಒಂದು ಮನೆಯ ಒಂದು ಬಲೆಗಿಂತ ಇಡೀ ಬೀದಿಯವರು ಕೂಡಿ ಕಟ್ಟುವ ಬಲೆಗಳಲ್ಲಿ ಅರ್ಥವಿದೆ. ಎರಡನೆಯದಾಗಿ, ಹಾಗಲ, ಹೀರೆ, ಸೌತೆಗಳನ್ನು ಕೆಡಿಸುವ ನೊಣ ಬೇರೆಯೇ ಜಾತಿಯದು, ಮತ್ತು ಅದು ಮೀಥೈಲ್ ಯೂಜಿನಾಲಿಗೆ ಬರುವುದಿಲ್ಲ. ಅದನ್ನು ಸೆಳೆಯುವುದು ಕ್ಯೂಲ್ಯೂರ್ ಎಂಬ ಇನ್ನೊಂದು ವಸ್ತು. ಹಾಗಲಬಳ್ಳಿಯ ಪಕ್ಕ ತುಳಸಿಯ ಬಲೆ ಕಟ್ಟಿದವರಿಗೆ ಚಿಪ್ಪಿನ ತುಂಬ ನೊಣ ಕಾಣಬಹುದು, ಕಾಯಿಯ ತುಂಬ ಹುಳುವೂ ಕಾಣಬಹುದು.

ಹಾಗಲಕ್ಕೆ ಪರೀಕ್ಷಿಸಲು ಯೋಗ್ಯವಾದದ್ದು ಕಾಗದದ ಚೀಲ. ಹೂವು ಬಾಡಿ ಕಾಯಿ ಕಚ್ಚಿದ ಕೂಡಲೇ ನಾಣ್ಯ ಚಿಮ್ಮಿ, ರಾಜಮುಖ ಬಿದ್ದರೆ ಹಳೆಯ ಪತ್ರಿಕೆಯ ಚೀಲ ತೊಡಿಸಿ, ಇಲ್ಲವಾದರೆ ಹಾಗೆಯೇ ಬಿಟ್ಟು ನೂಲು ಕಟ್ಟಿದರೆ, ಒಂದೇ ಬಳ್ಳಿಯಲ್ಲಿ ಉಪಚಾರವೂ ಹೋಲಿಕೆಯೂ ದೊರೆಯುತ್ತವೆ. ಕೊಯ್ಲಿನಲ್ಲಿ ಪ್ರತಿ ಕಾಯಿಯನ್ನೂ ಸೀಳಿ ನೋಡಿ ಬರೆದಿಡಬೇಕು. ಹುಳುಬಿದ್ದ ಕಾಯಿಗಳನ್ನು ಬಳ್ಳಿಯ ಬುಡದಲ್ಲಿ ಎಸೆಯಬಾರದು, ಏಕೆಂದರೆ ಹುಳು ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಬರುತ್ತದೆ.

ಬಸವನಹುಳು, ಮೊಟ್ಟೆ ಚಿಪ್ಪು, ಕಾಫಿ ಚರಟ

ಮಲೆನಾಡಿನ ಅಡಿಕೆ ತೋಟಗಳಿಂದ ಬೆಂಗಳೂರಿನ ಹಿತ್ತಲವರೆಗೆ ಮಳೆಗಾಲದಲ್ಲಿ ಕಾಡುವ ದೈತ್ಯ ಆಫ್ರಿಕನ್ ಬಸವನಹುಳು 1847ರಲ್ಲಿ ಬೆನ್ಸನ್ ಎಂಬಾತ ಮಾರಿಷಸ್‌ನಿಂದ ತಂದು ಕೋಲ್ಕತ್ತದ ತೋಟವೊಂದರಲ್ಲಿ ಬಿಟ್ಟದ್ದರ ಸಂತತಿ. ಅದರ ದಾರಿಗೆ ಮೊಟ್ಟೆ ಚಿಪ್ಪು ಚೆಲ್ಲುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2018ರಲ್ಲಿ ಲೆಟಿಸ್ ಗಿಡಗಳ ಸುತ್ತ ಮೊಟ್ಟೆ ಚಿಪ್ಪು, ತಾಮ್ರದ ಪಟ್ಟಿ, ಹರಳುಕಲ್ಲು, ಪೈನ್ ತೊಗಟೆ, ಉಣ್ಣೆಯ ಗುಳಿಗೆ ಇವುಗಳನ್ನಿಟ್ಟು ಪರೀಕ್ಷಿಸಿದಾಗ, ಏನನ್ನೂ ಇಡದ ಗಿಡಗಳಿಗಿಂತ ಅವುಗಳಲ್ಲಿ ಹಾನಿ ಕಡಿಮೆಯೇನೂ ಆಗಲಿಲ್ಲ. ಕಾಫಿಯ ಕಥೆ ಬೇರೆ. ಹವಾಯಿಯಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಶೇ 1ರಿಂದ 2ರಷ್ಟು ಕೆಫೀನ್ ದ್ರಾವಣ ಬಸವನಹುಳುಗಳನ್ನು ಕೊಂದಿತು. ಆದರೆ ಕುಡಿಯುವ ಕಾಫಿಯಲ್ಲಿ ಅದರ ಪ್ರಮಾಣ ಶೇ 0.05ರ ಆಸುಪಾಸಿನಲ್ಲಿರುವುದರಿಂದ, ಫಿಲ್ಟರಿನಲ್ಲಿ ಉಳಿದ ಚರಟದಿಂದ ಅದೇ ಫಲವನ್ನು ನಿರೀಕ್ಷಿಸಲು ಕಾರಣವಿಲ್ಲ.

ಇದಕ್ಕಿಂತ ಫಲದಾಯಕವಾದ ಪರೀಕ್ಷೆ ಆಮಿಷಗಳದು. ನಾಲ್ಕು ಒದ್ದೆ ಗೋಣಿಚೀಲಗಳನ್ನು ತೋಟದ ನಾಲ್ಕು ಮೂಲೆಗಳಲ್ಲಿ ಹಾಸಿ, ಒಂದರ ಕೆಳಗೆ ಪಪ್ಪಾಯಿ ಎಲೆ, ಒಂದರ ಕೆಳಗೆ ಎಲೆಕೋಸಿನ ಎಲೆ, ಒಂದರ ಕೆಳಗೆ ಬಾಳೆಹಣ್ಣಿನ ಸಿಪ್ಪೆಯಿಟ್ಟು, ನಾಲ್ಕನೆಯದನ್ನು ಬರಿದಾಗಿ ಬಿಡಬೇಕು. ಪ್ರತಿ ರಾತ್ರಿ ಆಮಿಷಗಳನ್ನು ಒಂದು ಮೂಲೆ ಮುಂದಕ್ಕೆ ಸರಿಸಿದರೆ ನಾಲ್ಕು ರಾತ್ರಿಗಳಲ್ಲಿ ಪ್ರತಿಯೊಂದೂ ಎಲ್ಲ ಮೂಲೆಗಳನ್ನೂ ಸುತ್ತಿ ಬರುವುದರಿಂದ, ಬಸವನಹುಳು ಹೆಚ್ಚಾಗಿರುವ ಮೂಲೆಯ ಲಾಭ ಯಾವುದೋ ಒಂದೇ ಆಮಿಷಕ್ಕೆ ಸಿಗುವುದಿಲ್ಲ. ಬೆಳಗ್ಗೆ ಎಣಿಸಿ, ಕೈಗವಸು ಹಾಕಿಯೇ ಆರಿಸಿ, ಬಕೆಟ್ಟಿನ ಗಟ್ಟಿ ಉಪ್ಪುನೀರಿಗೆ ಹಾಕಬೇಕು. ಈ ಜೀವಿಯ ದೇಹದಲ್ಲಿ ಮನುಷ್ಯರ ಮಿದುಳಿನ ಪೊರೆಗೆ ಉರಿಯೂತ ತರುವ ಸೂಕ್ಷ್ಮ ಹುಳುವಿರುವ ಸಂಭವವಿದೆ, ಆದ್ದರಿಂದ ಬರಿಗೈಯಿಂದ ಮುಟ್ಟಬಾರದು. ಉಪ್ಪನ್ನು ನೇರವಾಗಿ ಮಣ್ಣಿಗೆ ಸುರಿಯಲೂಬಾರದು, ಅದರಿಂದ ಗಿಡದ ಬೇರೇ ಸುಡುತ್ತದೆ.

ಬೂದಿ ರೋಗಕ್ಕೆ ಹಾಲು

ಕುಂಬಳ, ಸೌತೆಗಳ ಎಲೆಯ ಮೇಲೆ ಬಿಳಿ ಪುಡಿಯಂತೆ ಹಬ್ಬುವ ಬೂದಿ ರೋಗ ಶಿಲೀಂಧ್ರದಿಂದ ಬರುವಂಥದ್ದು, ಕೀಟದಿಂದಲ್ಲ; ಆದರೂ ವಿಚಿತ್ರವೆನಿಸುವ ಮದ್ದು ಪರೀಕ್ಷೆಯಲ್ಲಿ ಗೆದ್ದದ್ದಕ್ಕೆ ಇಲ್ಲೊಂದು ನಿದರ್ಶನವಿದೆ. ಬ್ರೆಜಿಲ್‌ನ ವಾಗ್ನರ್ ಬೆಟಿಯೊಲ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಸಿರುಮನೆಯ ಜುಕಿನಿ ಗಿಡಗಳಿಗೆ ನೀರು ಬೆರೆಸಿದ ಹಸುವಿನ ಹಾಲನ್ನು ಸಿಂಪಡಿಸಿದಾಗ ರೋಗ ಚೆನ್ನಾಗಿ ತಗ್ಗಿತು. ಒಂಬತ್ತು ಭಾಗ ನೀರಿಗೆ ಒಂದು ಭಾಗ ಹಾಲು ಬೆರೆಸಿ ವಾರಕ್ಕೊಮ್ಮೆ ಒಂದು ಬಳ್ಳಿಗೆ ಸಿಂಪಡಿಸಿ, ಪಕ್ಕದ ಬಳ್ಳಿಗೆ ಬರಿಯ ನೀರು ಸಿಂಪಡಿಸಿ, ಹತ್ತು ಎಲೆಗಳಲ್ಲಿ ಎಷ್ಟರ ಮೇಲೆ ಬೂದಿ ಬಂದಿದೆಯೆಂದು ಲೆಕ್ಕವಿಡಬಹುದು. ಹುಳಿ ಮಜ್ಜಿಗೆಯನ್ನು ನಂಬುವವರು ಅದನ್ನು ಮೂರನೆಯ ಉಪಚಾರವಾಗಿ ಸೇರಿಸಬಹುದು.

ಪ್ರಯೋಗಕ್ಕೂ ಒಳಪಡಿಸಬಾರದವು

ಗಿಡಮೂಲಿಕೆಯಿಂದ ಬಂದದ್ದೆಲ್ಲ ನಿರಪಾಯಕಾರಿಯೆಂಬ ನಂಬಿಕೆ ಅಪಾಯಕರ. ಹೊಗೆಸೊಪ್ಪಿನ ಕಷಾಯದಲ್ಲಿರುವ ನಿಕೋಟಿನ್ ಚರ್ಮದ ಮೂಲಕವೇ ದೇಹಕ್ಕಿಳಿಯುವ ವಿಷ. ಜೊತೆಗೆ ಒಣಗಿದ ಹೊಗೆಸೊಪ್ಪಿನಲ್ಲಿಯೂ ಬದುಕುಳಿಯುವ ಮೊಸಾಯಿಕ್ ವೈರಸ್ ಟೊಮೆಟೊ, ಮೆಣಸಿನ ಗಿಡಗಳಿಗೆ ಅಂಟುತ್ತದೆ. ದತ್ತೂರಿ, ಕಣಗಿಲೆಗಳ ರಸವನ್ನು ತಿನ್ನುವ ಸೊಪ್ಪು ತರಕಾರಿಗೆ ಸಿಂಪಡಿಸುವುದು ಯಾವ ಕಾರಣಕ್ಕೂ ಕೂಡದು. ಸೀಮೆಎಣ್ಣೆ ಎಲೆಯನ್ನೂ ಮಣ್ಣನ್ನೂ ಕೆಡಿಸುತ್ತದೆ. ಇವುಗಳಿಗಾಗಿ ಬಳಸಿದ ಪಾತ್ರೆ, ಮಿಕ್ಸಿ ಜಾರುಗಳು ಅಡುಗೆಮನೆಗೆ ಮರಳಿ ಬರುವ ಸಂಭವವಂತೂ ಇದ್ದೇ ಇರುತ್ತದೆ. ಬೆಳ್ಳುಳ್ಳಿ ಬೇವುಗಳ ಪ್ರಯೋಗಕ್ಕೂ ಬೇರೆಯೇ ಪಾತ್ರೆಯಿಟ್ಟು, ಬಾಟಲಿಗಳ ಮೇಲೆ ಹೆಸರು ಬರೆದು, ಮಕ್ಕಳ ಕೈಗೆ ಎಟುಕದಂತೆ ಇಡಬೇಕು.

ನೋಟ್‌ಬುಕ್ಕಿನಲ್ಲಿ ಎಣಿಕೆಯ ಜೊತೆಗೆ ದಿನಾಂಕ, ಹವೆ, ಮಳೆ ಬಿದ್ದ ದಿನ, ಬಳಸಿದ ನೀರು, ಸೋಪಿನ ಬಗೆ, ಬೀಜದ ವಯಸ್ಸು, ಕಂಡ ಮಿತ್ರಕೀಟಗಳು ಇವೆಲ್ಲವನ್ನೂ ಬರೆಯಬೇಕು, ಮತ್ತು ಸೋತ ಮದ್ದಿನ ಪುಟವನ್ನು ಗೆದ್ದ ಮದ್ದಿನ ಪುಟದಷ್ಟೇ ಜತನದಿಂದ ಉಳಿಸಬೇಕು. ಅವರೆಯ ಕಾಲದ ಚಳಿಯಲ್ಲಿ ಫಲಿಸಿದ್ದು ಬೇಸಿಗೆಯಲ್ಲಿ ಎಲೆ ಸುಡಬಹುದು, ಮುಂಗಾರಿನಲ್ಲಿ ಒಂದೇ ಮಳೆಗೆ ತೊಳೆದುಹೋಗಬಹುದು. ಆದ್ದರಿಂದ ಗೆದ್ದ ಮದ್ದನ್ನು ಇಡೀ ತೋಟಕ್ಕೆ ವಿಸ್ತರಿಸುವ ಮೊದಲು ಬೇರೊಂದು ಋತುವಿನಲ್ಲಿ ಇಪ್ಪತ್ತು ಕುಂಡಗಳ ಪರೀಕ್ಷೆಯನ್ನು ಇನ್ನೊಮ್ಮೆ ನಡೆಸಬೇಕು, ಮತ್ತು ವಿಸ್ತರಿಸಿದ ಮೇಲೆಯೂ ಒಂದು ಸಾಲಿನಲ್ಲಿ ಎರಡು ಮೂರು ಗಿಡಗಳನ್ನು ಏನೂ ಸಿಂಪಡಿಸದೆ ಬಿಡಬೇಕು.